ಸಿಕ್ ಲೀವಿನ ಇಪ್ಪತ್ತೊಂದು ದಿನ

ಕಾಯಿಲೆ ಬೀಳುವ ಹಕ್ಕನ್ನು ಮನುಷ್ಯ ಮೊದಲು ದುಡಿದು ಗಳಿಸಬೇಕು ಎಂಬ ಮಹಾತತ್ತ್ವ ನನಗೆ ತಿಳಿದದ್ದು ಬಾಲಾನಗರದ ಒಂದು ಕಾರ್ಖಾನೆಯ ಮೀಟಿಂಗ್ ರೂಮಿನಲ್ಲಿ, ಒಂದು ಬುಧವಾರ ಮಧ್ಯಾಹ್ನ, ಸಮೋಸ ತಿನ್ನುವಾಗ. ಉಪದೇಶ ಮಾಡಿದವರು ನಮ್ಮ ಮಾಲೀಕರ ಅಳಿಯಂದಿರು; ಇದ್ದವರು ಒಬ್ಬರೇ, ಬಹುವಚನ ಗೌರವಕ್ಕೆ. ಅವರು ಆ ಹೊತ್ತಿಗೆ ಕಾರ್ಖಾನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಯಂತ್ರಗಳೆಲ್ಲ ಸರಿಯಾಗಿ ನಡೆಯುತ್ತಿದ್ದುದರಿಂದ ಅವರ ಕಣ್ಣು ಮನುಷ್ಯರ ಮೇಲೆ ಬಿದ್ದಿತ್ತು.

ನಾನು ಅಲ್ಲಿ ಟೈಮ್ ಆಫೀಸಿನ ಮುಖ್ಯಸ್ಥ. ಟೈಮ್ ಆಫೀಸು ಅಂದರೆ ಗೇಟಿಗೆ ಹತ್ತಿದ ಕೋಣೆ. ಯಾರು ಬಂದರು, ಯಾರು ಬರಲಿಲ್ಲ, ಯಾರು ಬಂದೂ ಬಾರದವರ ಹಾಗೆ ಕೂತಿದ್ದರು ಎಂಬುದನ್ನು ಬಲ್ಲ ಜಾಗ. ಮೂರನೆಯ ತರಹದವರಿಗೆ ಹಾಜರಿ ಪುಸ್ತಕದಲ್ಲಿ ಕಾಲಂ ಇಲ್ಲದ್ದರಿಂದ ಅವರೆಲ್ಲ ಬಡ್ತಿ ಪಡೆಯುತ್ತ ಹೋಗುತ್ತಿದ್ದರು.

ಸಿಕ್ ಲೀವಿನ ಹಳೆಯ ನಿಯಮ ಒಂದೇ ಹಾಳೆಯಲ್ಲಿತ್ತು. ಪಗಾರ ಒಂದು ಮಿತಿಯೊಳಗಿದ್ದ ಷಾಪಿನ ಕಾರ್ಮಿಕರಿಗೆ ಇಎಸ್‌ಐ ವಿಮೆ ಇತ್ತು. ಅವರ ಜ್ವರ ಸರ್ಕಾರದ ತಲೆನೋವು. ಆ ಮಿತಿ ದಾಟಿದ ನೂರಾ ಹನ್ನೆರಡು ಮಂದಿ ಸ್ಟಾಫಿಗೆ ವರ್ಷಕ್ಕೆ ಹನ್ನೆರಡು ದಿನ ಪಗಾರ ಸಹಿತ ಕಾಯಿಲೆ ರಜೆ. ಬಳಸದಿದ್ದರೆ ಮುಂದಕ್ಕೆ ಕೂಡಿಕೊಂಡು ಹೋಗುತ್ತದೆ, ತೊಂಬತ್ತಕ್ಕೆ ನಿಲ್ಲುತ್ತದೆ. ಪ್ರತಿಯೊಬ್ಬರಿಗೂ ಒಂದು ಹಳದಿ ಬಣ್ಣದ ಕಾರ್ಡು, ಕಾರ್ಡಿನ ಕೆಳಗೆ ಉಳಿದ ದಿನಗಳ ಶಿಲ್ಕು. ದೊಡ್ಡ ಮಾಲೀಕರು ಇದನ್ನು ಚಹಾ ಕುಡಿಯುವಷ್ಟರಲ್ಲಿ ಬರೆಸಿದ್ದರು. ಬಹುಶಃ ಅದಕ್ಕೇ ಅದು ಇಷ್ಟು ವರ್ಷ ನಡೆದಿತ್ತು.

ಅಳಿಯಂದಿರು ಬೇಗಂಪೇಟೆಯಿಂದ ಒಬ್ಬ ಸಲಹೆಗಾರರನ್ನು ಕರೆಸಿದರು. ಅವರು ಬರುವಾಗ ಓವರ್‌ಹೆಡ್ ಪ್ರೊಜೆಕ್ಟರು ತಂದರು, ಹಗಲಲ್ಲೇ ಕಿಟಕಿ ಮುಚ್ಚಿಸಿದರು, ಕತ್ತಲಾದ ಮೇಲೆ ನಮಗೆ ಬೆಳಕು ಕೊಟ್ಟರು. ರಜೆ ಎಂಬುದು ಕೊಡುವ ವಸ್ತುವಲ್ಲವಂತೆ. ಹನಿಹನಿಯಾಗಿ ಜಮೆಯಾಗುವ ವಸ್ತುವಂತೆ. ಇಷ್ಟು ದಿನ ನಾವು ಕೊಡ ಎತ್ತಿ ಸುರಿಯುತ್ತಿದ್ದೆವು. ಇನ್ನು ನಲ್ಲಿ ತಿರುಗಿಸಬೇಕು, ಅದೂ ಸಣ್ಣಗೆ.

ಮೂರು ಬುಧವಾರ ಮೀಟಿಂಗು ನಡೆಯಿತು. ನಾನು ಬರೆದುಕೊಳ್ಳುವವನು. ರಜೆಯ ವರ್ಷ ಜನವರಿಯಿಂದಲೋ ಏಪ್ರಿಲ್‌ನಿಂದಲೋ? ಹದಿನೈದನೇ ತಾರೀಖಿನ ನಂತರ ಕೆಲಸಕ್ಕೆ ಸೇರಿದವನಿಗೆ ಆ ತಿಂಗಳ ಹನಿ ಬೀಳಬೇಕೋ ಬೇಡವೋ? ಅರ್ಧ ದಿನ ಉಳಿದರೆ ಮೇಲಕ್ಕೆ ಹಿಡಿಯಬೇಕೋ ಕೆಳಕ್ಕೆ ಒತ್ತಬೇಕೋ? ಶನಿವಾರ ಜ್ವರ, ಸೋಮವಾರವೂ ಜ್ವರ ಇದ್ದವನಿಗೆ ನಡುವಿನ ಭಾನುವಾರ ಜ್ವರ ಇತ್ತೆಂದು ನಂಬಬೇಕೋ ಬೇಡವೋ ಎಂಬುದರ ಮೇಲೆ ಒಂದೂವರೆ ತಾಸು ಚರ್ಚೆಯಾಯಿತು. ಕೊನೆಗೆ ನಂಬಬೇಕು, ಆದರೆ ಆ ದಿನವನ್ನೂ ರಜೆಯಲ್ಲಿ ಕಳೆಯಬೇಕು ಎಂದು ತೀರ್ಮಾನವಾಯಿತು. ನಂಬಿಕೆ ಅಷ್ಟು ದುಬಾರಿ.

ಆಮೇಲೆ ಮುಖ್ಯ ಕಲಮು ಬಂತು. ಪೂರ್ತಿ ಹಾಜರಿ ಇರುವ ಪ್ರತಿ ತಿಂಗಳಿಗೆ ಒಂದು ದಿನ ಸಿಕ್ ಲೀವ್ ಜಮೆ. ನಾನು ಪೆನ್ನು ಎತ್ತಿ ಕೇಳಿದೆ, "ಸಾಬ್, ಒಂದು ತಿಂಗಳು ಯಾರೋ ಕಾಯಿಲೆ ಬಿದ್ದು ಎರಡು ದಿನ ಬರಲಿಲ್ಲ. ಆ ತಿಂಗಳು?"

"ಆ ತಿಂಗಳು ಜಮೆ ಇಲ್ಲ," ಎಂದರು ಸಲಹೆಗಾರರು.

"ಅಂದರೆ ಕಾಯಿಲೆ ಬೀಳುವವನಿಗೆ ಸಿಕ್ ಲೀವ್ ಹುಟ್ಟುವುದಿಲ್ಲ, ಯಾರಿಗೆ ಹುಟ್ಟುತ್ತದೋ ಅವನಿಗೆ ಬೇಕಾಗುವುದಿಲ್ಲ."

ಸಲಹೆಗಾರರ ಮುಖ ಅರಳಿತು. "ಎಕ್ಸಾಕ್ಟ್ಲಿ!" ಎಂದರು. ಜನ್ಮದಲ್ಲಿ ನಾನು ಮಾಡಿದ ಕುಹಕಗಳಲ್ಲಿ ಶ್ಲಾಘನೆಯಾಗಿ ಸ್ವೀಕೃತವಾದದ್ದು ಅದೊಂದೇ.

ಮೊದಲ ಆರು ತಿಂಗಳು ಜಮೆಯಾದದ್ದನ್ನೂ ಮುಟ್ಟಬಾರದು ಎಂದು ಇನ್ನೊಂದು ಕಲಮು. ಕೊನೆಗೆ ನಾನು ಹಳೆಯ ಶಿಲ್ಕಿನ ಸಂಗತಿ ಎತ್ತಿದೆ. ಅಳಿಯಂದಿರು ಕೈಯಿಂದ ಗಾಳಿ ಒರೆಸಿದರು. "ಎಲ್ಲರಿಗೂ ಸೊನ್ನೆಯಿಂದ ಶುರು. ಸಬ್ ಬರಾಬರ್." ನಾನು ಬರೆದುಕೊಂಡೆ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಸ್ವಂತ ಕಾರ್ಡಿನಲ್ಲಿ ಉಳಿದಿದ್ದದ್ದು ಮೂರೇ ದಿನ. ನ್ಯಾಯದ ಪರ ವಾದಿಸುವಷ್ಟು ಬಂಡವಾಳ ನನ್ನ ಬಳಿ ಇರಲಿಲ್ಲ.

ಹೊಸ ನಿಯಮ ಏಪ್ರಿಲ್ ಒಂದರಿಂದ. ಆ ತಾರೀಖನ್ನು ಆರಿಸಿದ್ದು ನಾನಲ್ಲ. ಹಳದಿ ಕಾರ್ಡುಗಳನ್ನು ಕಟ್ಟಿ ಕಪಾಟಿನ ಮೇಲೆ ಹಾಕಿದೆ. ಬಿಳಿ ಕಾರ್ಡು ಅಚ್ಚಾಗಿ ಬಂದವು. ಎರಡು ದಿನ ಕೂತು ನೂರಾ ಹನ್ನೆರಡು ಸೊನ್ನೆ ಬರೆದೆ. ನನ್ನ ಅಕ್ಷರ ದುಂಡಗೆ ಎಂದು ಹೆಸರಿದೆ. ಸೊನ್ನೆ ಇನ್ನೂ ದುಂಡಗೆ ಬಂದವು.

ಮೂರನೇ ತಾರೀಖು ಡ್ರಾಫ್ಟ್ಸ್‌ಮನ್ ಬಂದ.

ಬೀದರ ಕಡೆಯ ಮನುಷ್ಯ, ನಲವತ್ತರ ಸಮೀಪ, ಹದಿನಾಲ್ಕು ವರ್ಷದಿಂದ ನಮ್ಮಲ್ಲಿ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತವನು. ಹೊರಗೆ ಎಲ್ಲರ ಜೊತೆ ತೆಲುಗು, ಹಿಂದಿ. ಟೈಮ್ ಆಫೀಸಿನ ಹೊಸ್ತಿಲು ದಾಟಿದರೆ ಕನ್ನಡ. ಮಾರ್ಚಿನಲ್ಲಿ ಅವನು ಸ್ಟೋರ್ಸಿಗೆ ಎರಡು ಸಲ ಟೀ-ಸ್ಕ್ವೇರ್, ಅಂದರೆ ನೆಟ್ಟಗೆ ಗೀಟು ಎಳೆಯುವ ಟಿ ಆಕಾರದ ಪಟ್ಟಿ, ವಾಪಸು ಮಾಡಿದ್ದ, ಸೊಟ್ಟ ಇದೆ ಎಂದು. ಸ್ಟೋರ್ಸಿನವರು ಹೊಸದು ಕೊಟ್ಟರು. ಅದೂ ಸೊಟ್ಟ ಎಂದ. ಆ ವಿಷಯ ಕ್ಯಾಂಟೀನಿನಲ್ಲಿ ಒಂದು ವಾರ ಚಹಾದ ಜೊತೆ ಹಂಚಿಹೋಗಿತ್ತು. ನಾನೂ ನಕ್ಕಿದ್ದೆ.

"ಸಾಹೇಬ್ರ, ಟೀ-ಸ್ಕ್ವೇರ್ ಬರೋಬ್ಬರಿ ಐತ್ರಿ," ಎಂದ.

"ಗೊತ್ತಾತಲ್ಲ? ಮತ್ತ ಸ್ಟೋರ್ಸಿನವರಿಗೆ ಯಾಕ ಕಾಡಿದೆಪಾ?"

"ಟೀ-ಸ್ಕ್ವೇರ್ ನೆಟ್ಟಗ ಐತ್ರಿ. ನನ್ನ ಕಣ್ಣ ಸೊಟ್ಟ ಆಗೈತಿ."

ಕಣ್ಣಿನ ಡಾಕ್ಟರ ಚೀಟಿ ಮುಂದಿಟ್ಟ. ಬಲಗಣ್ಣಿನ ಒಳಪರದೆ ಗೋಡೆಯ ಸುಣ್ಣದ ಹಾಗೆ ಬಿಟ್ಟುಕೊಳ್ಳುತ್ತಿತ್ತು. ಅದಕ್ಕೇ ಅವನಿಗೆ ನೆಟ್ಟಗಿನ ಗೀಟು ಬಾಗಿ ಕಾಣುತ್ತಿತ್ತು. ಒಂದು ವಾರದೊಳಗೆ ಆಪರೇಷನ್ ಆಗಬೇಕು. ಆಮೇಲೆ ಎರಡು ತಿಂಗಳು ತಲೆ ಬಗ್ಗಿಸಬಾರದು, ಬಸ್ಸಿನಲ್ಲಿ ಕುಲುಕಬಾರದು, ಬೋರ್ಡಿನ ಹತ್ತಿರ ಸುಳಿಯಬಾರದು.

"ತಡಾ ಮಾಡಿದ್ರ?"

"ಕಣ್ಣ ಹೋಗ್ತೈತಂದ್ರು." ಎಡಗಣ್ಣಿನ ಮೇಲೆ ಬೆರಳಿಟ್ಟು, "ಎಡಗಣ್ಣಿಗೆ ಸಣ್ಣಾವಿದ್ದಾಗ ಚಿನ್ನಿ ದಾಂಡಿನ ಚಿನ್ನಿ ಬಡದೈತ್ರಿ. ಅದರಾಗ ಬೆಳಕ ಕಾಣ್ತೈತಿ, ಗೀಟ ಕಾಣೂದಿಲ್ಲ. ಇದ್ದದ್ದು ಇದೊಂದ," ಎಂದ. ನಂತರ ಸ್ವಲ್ಪ ಹುರುಪಿನಿಂದಲೇ ಹೇಳಿದ, "ರಜಾದ್ದು ಚಿಂತಿ ಇಲ್ಲ ಬಿಡ್ರಿ. ಟೈಫಾಯ್ಡ್ ಬಂದಾಗ ಬಿಟ್ರ ನಾ ಸಿಕ್ ಲೀವ್ ಮುಟ್ಟೇ ಇಲ್ಲ. ಎಂಬತ್ಮೂರು ದಿನಾ ಅದಾವ. ಅರವತ್ತು ಬೇಕ್ರಿ."

ನಾನು ಅವನ ಬಿಳಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ಅವನು ಬಗ್ಗಿ ನೋಡಿದ.

"ಇದೇನ್ರಿ?"

"ಸೊನ್ನಿ."

"ಯಾರ ಬರದ್ರು?"

"ನಾನ."

ಅವನು ಕಾರ್ಡನ್ನು ಹತ್ತಿರ ಹಿಡಿದ, ದೂರ ಹಿಡಿದ. "ನೀವು ದುಂಡಗ ಬರದಿರಬೇಕ್ರಿ," ಎಂದ. "ನನಗ ತತ್ತಿ ಆಗಿ ಕಾಣಾಕತ್ತೈತಿ."

ನಾನು ಅಳಿಯಂದಿರ ಕೋಣೆಗೆ ಹೋದೆ. ಅವರು ಚೀಟಿ ಓದಲಿಲ್ಲ. ಅದರ ದಪ್ಪ ನೋಡಿದರು. ಒಬ್ಬನಿಗೆ ವಿನಾಯಿತಿ ಕೊಟ್ಟರೆ ನಾಳೆ ಎಲ್ಲರ ಕಣ್ಣೂ ಕಿತ್ತುಬರುತ್ತದೆ ಎಂದರು. ಪಗಾರವಿಲ್ಲದ ರಜೆ ಹೊಸ ನಿಯಮದಂತೆ ಹತ್ತೇ ದಿನ. ಅದಾದ ಮೇಲೆ ಎಂಟು ದಿನದೊಳಗೆ ಬರದಿದ್ದರೆ ಹುದ್ದೆಯ ಮೇಲಿನ ಹಕ್ಕು ತಾನಾಗಿ ಹೋಗುತ್ತದೆ, ಕಾರ್ಖಾನೆಯ ಕಾಯಂ ನಿಯಮಾವಳಿಯಾದ ಸ್ಟ್ಯಾಂಡಿಂಗ್ ಆರ್ಡರಿನಲ್ಲೇ ಇದೆ. "ಆರು ತಿಂಗಳು ತಡೆಯಲಿ, ಮುನ್ಶೀಜಿ. ಅಷ್ಟರಲ್ಲಿ ಆರು ದಿನ ಜಮೆಯಾಗಿರುತ್ತದೆ." ಅವರು ನಗಲಿಲ್ಲ. ನಕ್ಕಿದ್ದರೆ ಅವರ ಮೇಲೆ ನನಗೆ ಕೊಂಚ ಗೌರವ ಬರುತ್ತಿತ್ತು.

ಲೆಕ್ಕ ಸರಳವಾಗಿತ್ತು. ಆಪರೇಷನ್ ಮಾಡಿಸಿದರೆ ಹದಿನೆಂಟನೇ ದಿನಕ್ಕೆ ಕೆಲಸ ಇಲ್ಲ. ಮಾಡಿಸದಿದ್ದರೆ ಕಣ್ಣಿಲ್ಲ, ಕಣ್ಣಿಲ್ಲದ ಡ್ರಾಫ್ಟ್ಸ್‌ಮನ್‌ಗೆ ಕೆಲಸವೂ ಇಲ್ಲ.

ಮಧ್ಯಾಹ್ನ ನನ್ನ ಕಪಾಟಿನಿಂದ ನೀಲಿ ರಟ್ಟಿನ ಕಾಯ್ದೆ ಪುಸ್ತಕ ಇಳಿಸಿದೆ. ಸ್ಟ್ಯಾಂಡಿಂಗ್ ಆರ್ಡರಿನ ಆ ಎಂಟು ದಿನದಲ್ಲಿ ಎಲ್ಲಾದರೂ ದಯೆ ಅಡಗಿದೆಯೋ ನೋಡಲು. ಇರಲಿಲ್ಲ. ಪುಟ ತಿರುಗಿಸುತ್ತ ಕೈಗಾರಿಕಾ ವಿವಾದಗಳ ಕಾಯ್ದೆಗೆ ಬಂದೆ. ಅಲ್ಲಿ ಒಂಬತ್ತು-ಎ ಎಂಬ ಕಲಮು. ಕೆಲಸಗಾರರ ಸೇವೆಯ ಷರತ್ತು ಬದಲಿಸಬೇಕಾದರೆ ಮೊದಲು ನೋಟಿಸು ಕೊಡಬೇಕು. ಕೊಟ್ಟು ಇಪ್ಪತ್ತೊಂದು ದಿನ ಆಗುವ ತನಕ ಬದಲಾವಣೆ ಜಾರಿಗೆ ಬರಕೂಡದು. ಯಾವ ಯಾವ ಷರತ್ತು ಎಂಬ ಪಟ್ಟಿ ಹಿಂದಿನ ಪುಟಗಳಲ್ಲಿತ್ತು. ಬೆರಳಿಟ್ಟು ಓದುತ್ತ ಹೋದೆ. ಪಗಾರ ಸಹಿತ ರಜೆ, ಅಲ್ಲೇ ಕೂತಿತ್ತು.

ಮೂರು ಬುಧವಾರ, ಒಂದು ಪ್ರೊಜೆಕ್ಟರು, ಲೆಕ್ಕವಿಲ್ಲದಷ್ಟು ಸಮೋಸ. ನೋಟಿಸು ಯಾರೂ ಕೊಟ್ಟಿರಲಿಲ್ಲ. ಸಲಹೆಗಾರರಿಗೆ ಗೊತ್ತಿರಲಿಲ್ಲ, ಅಳಿಯಂದಿರಿಗೆ ಗೊತ್ತಾಗಬೇಕಾದ ಅಗತ್ಯ ಕಂಡಿರಲಿಲ್ಲ. ನೋಟಿಸು ಅಂಟಿಸುವುದು ಟೈಮ್ ಆಫೀಸಿನ ಕೆಲಸ. ಆದ್ದರಿಂದ ಮೂರ್ಖರ ಪಟ್ಟಿಯನ್ನು ನ್ಯಾಯವಾಗಿ ನನ್ನ ಹೆಸರಿನಿಂದಲೇ ಶುರುಮಾಡಬೇಕು.

ಮರುದಿನ ಬೆಳಿಗ್ಗೆ, ಇಪ್ಪತ್ತೆರಡು ವರ್ಷದ ಚಾಕರಿಯ ಚಟದಿಂದ, ನಾನು ಇದನ್ನು ಅಳಿಯಂದಿರಿಗೇ ಹೋಗಿ ಹೇಳಿದೆ. ಅವರು ಸ್ವಲ್ಪವೂ ವಿಚಲಿತರಾಗಲಿಲ್ಲ.

"ಮುನ್ಶೀಜಿ, ತಾರೀಖಿನ ಮೊಹರು ನಿಮ್ಮ ಹತ್ತಿರವೇ ಇದೆಯಲ್ಲ?"

"ಜೀ."

"ನೋಟಿಸು ಟೈಪ್ ಮಾಡಿಸಿ. ಮಾರ್ಚ್ ಐದು ಹಾಕಿ. ನೋಟಿಸ್ ಬೋರ್ಡಿನ ಮೇಲೆ ಹಳೆ ಕಾಗದಗಳ ಕೆಳಗೆ ಸಿಗಿಸಿ. ಬಸ್."

"ಜೀ," ಎಂದೆ.

ನಮ್ಮ ಕಾರ್ಖಾನೆಯಲ್ಲಿ ಅದೇನು ಹೊಸದಲ್ಲ. ಆ ಮೊಹರಿಗೆ ದಿನ, ತಿಂಗಳು, ವರ್ಷಕ್ಕೆ ರಬ್ಬರಿನ ಚಕ್ರಗಳಿದ್ದವು. ಅವು ಮುಂದಕ್ಕಿಂತ ಹಿಂದಕ್ಕೆ ಹೆಚ್ಚು ಸಲೀಸಾಗಿ ತಿರುಗುತ್ತಿದ್ದವು. ಎಂದೂ ಸೇರದ ಸುರಕ್ಷತಾ ಸಮಿತಿ ಆ ಮೊಹರಿನ ಬಲದಿಂದ ಪ್ರತಿ ತಿಂಗಳು ಸೇರುತ್ತಿತ್ತು. ಯಾರೂ ತುಂಬದ, ಬೆಂಕಿ ಆರಿಸುವ ಬಕೀಟುಗಳಿಗೆ ವಾರಕ್ಕೊಮ್ಮೆ ನೀರು ಬೀಳುತ್ತಿತ್ತು. ಕೈ ನನ್ನದು.

ಟೇಬಲ್ಲಿಗೆ ಬಂದು ಚಕ್ರ ತಿರುಗಿಸಿದೆ. ಮಾರ್ಚ್. ಐದು. ಇಂಕ್ ಪ್ಯಾಡಿನ ಮೇಲೆ ಒತ್ತಿದೆ. ಕಾಗದದ ಮೇಲೆ ಇಳಿಸುವ ಮುಂಚೆ ಪಕ್ಕದಲ್ಲಿದ್ದ ಬಿಳಿ ಕಾರ್ಡು ಕಂಡಿತು. ಅವನಿಗೆ ತತ್ತಿಯಾಗಿ ಕಂಡ ಸೊನ್ನೆ ಅಲ್ಲೇ ಇತ್ತು. ನನಗೆ ಆಗ ಬಂದದ್ದು ಧೈರ್ಯ ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ಬಂದದ್ದು ಹೇಸಿಗೆ. ಮೂರು ಬುಧವಾರ ಕೂತು ಇಷ್ಟು ದೊಡ್ಡ ದಡ್ಡತನ ಮಾಡಿದವರು ಅದನ್ನು ನನ್ನ ಹೆಬ್ಬೆರಳಿನ ಒಂದು ತಿರುವಿನಿಂದ ಒರೆಸಿಕೊಂಡು ಹೋಗುತ್ತಾರೆ. ಆ ಒರೆಸುವ ಬಟ್ಟೆ ನಾನು. ಇಪ್ಪತ್ತೆರಡು ವರ್ಷ ಆದದ್ದೂ ಅದೇ. ಮೊಹರನ್ನು ಬಟ್ಟೆಯಿಂದ ಒರೆಸಿ ಚಕ್ರವನ್ನು ಮುಂದಕ್ಕೆ ತಂದೆ. ಏಪ್ರಿಲ್ ನಾಲ್ಕು. ಆ ದಿನ ನಿಜವಾಗಿಯೂ ಏಪ್ರಿಲ್ ನಾಲ್ಕೇ ಆಗಿತ್ತು.

ನೋಟಿಸು ಇಂಗ್ಲಿಷಿನಲ್ಲೂ ತೆಲುಗಿನಲ್ಲೂ ಟೈಪಾಯಿತು. ಬೋರ್ಡಿನ ಪ್ರತಿಗೆ ಮೊದಲು ಕೈ ಹಾಕಲಿಲ್ಲ. ಬೋರ್ಡಿನ ಕಾಗದ ಹರಿಯಬಹುದು. ಒಂದು ಪ್ರತಿ ಲೇಬರ್ ಆಫೀಸಿಗೆ ಹೋಗಬೇಕೆಂದು ನಿಯಮದಲ್ಲೇ ಇತ್ತು. ಎರಡು ಬಸ್ಸು ಬದಲಿಸಿ ನಾನೇ ಹೋದೆ. ಇಡೀ ಆಂಧ್ರಪ್ರದೇಶದ ರಾಜಧಾನಿಯಲ್ಲಿ ಸರ್ಕಾರಿ ಕಚೇರಿ ಹೇಗಿರಬೇಕೋ ಹಾಗೇ ಇತ್ತು: ಫ್ಯಾನಿನ ಕೆಳಗೆ ಫೈಲುಗಳು, ಫೈಲುಗಳ ಹಿಂದೆ ಒಬ್ಬ ಗುಮಾಸ್ತ, ಅವನ ಮುಂದೆ ಮೊಸರನ್ನದ ಡಬ್ಬಿ. ಅವನು ನನ್ನ ಕಾಗದ ನೋಡಿದ, ಗೋಡೆಯ ಕ್ಯಾಲೆಂಡರ್ ನೋಡಿದ, ಮತ್ತೆ ಕಾಗದ ನೋಡಿದ.

"ಇವತ್ತಿನ ತಾರೀಖೇನಾ?" ಎಂದು ತೆಲುಗಿನಲ್ಲಿ ಕೇಳಿದ.

"ಹೌದು."

"ನಿಜಂಗಾನಾ?"

ಅವನ ಸರ್ವೀಸಿನಲ್ಲಿ ಅಂದಂದಿನ ತಾರೀಖಿನ ನೋಟಿಸು ಬಂದಿರಲಿಲ್ಲವೋ ಏನೋ. ಯಾವ ಕಾರ್ಖಾನೆ ಎಂದು ಮತ್ತೊಮ್ಮೆ ಓದಿ, ಎಡಗೈಯಿಂದಲೇ ನನ್ನ ಪ್ರತಿಯ ಮೇಲೆ ಕಚೇರಿಯ ಮೊಹರು ಒತ್ತಿ, ಬಲಗೈ ಮತ್ತೆ ಮೊಸರನ್ನಕ್ಕೆ ಹಾಕಿದ.

ಮೂರು ಗಂಟೆಗೆ ಬಾಲಾನಗರಕ್ಕೆ ವಾಪಸಾದೆ. ಕ್ಯಾಂಟೀನಿನ ಎದುರಿನ ಬೋರ್ಡಿನ ಮೇಲೆ ನೋಟಿಸು ಅಂಟಿಸಿದೆ. ಅವಸರಕ್ಕೆ ಗೋಂದು ನನ್ನ ಅಂಗಿಯ ತೋಳಿಗೂ ಹತ್ತಿತು. ಅಲ್ಲಿಂದ ನೇರ ವರ್ಕ್ಸ್ ಮ್ಯಾನೇಜರ ಕೋಣೆಗೆ. ಹಳೆಯ ನಿಯಮದಲ್ಲಿ ದೀರ್ಘ ಸಿಕ್ ಲೀವ್ ಮಂಜೂರು ಮಾಡುವ ಅಧಿಕಾರ ಅವರದು. ಹೊಸ ನಿಯಮ ಅದನ್ನೂ ಕಿತ್ತುಕೊಂಡಿತ್ತು. ಅವರು ಗುಂಟೂರು ಕಡೆಯವರು, ಕೈಗೆ ಸದಾ ಗ್ರೀಸು, ಅಳಿಯಂದಿರ ಹೆಸರು ಬಂದರೆ ಮೂಗಿಗೆ ಕರವಸ್ತ್ರ.

ಹಳದಿ ಕಾರ್ಡು, ಡಾಕ್ಟರ ಚೀಟಿ, ಡ್ರಾಫ್ಟ್ಸ್‌ಮನ್ ಬರೆದ ಅರ್ಜಿ, ಲೇಬರ್ ಆಫೀಸಿನ ಮೊಹರಿದ್ದ ಪ್ರತಿ, ನಾಲ್ಕನ್ನೂ ಅವರ ಮುಂದೆ ಸಾಲಾಗಿ ಇಟ್ಟೆ. "ಇಪ್ಪತ್ತೊಂದು ದಿನ ಹಳೆ ನಿಯಮಕ್ಕೆ ಜೀವ ಇದೆ, ಸರ್. ಆ ನಿಯಮದಲ್ಲಿ ನಿಮ್ಮ ಸಹಿ ನಡೆಯುತ್ತದೆ. ಈಗ ಮಂಜೂರಾದ ರಜೆಯನ್ನು ಹೊಸ ನಿಯಮ ಮುಟ್ಟಲಾರದು."

"ಅಲ್ಲುಡುಗಾರಿಗೆ ಹೇಳಿದೆಯಾ?" ಎಂದು ಅಳಿಯಂದಿರ ಬಗ್ಗೆ ಕೇಳಿದರು.

"ನೋಟಿಸು ಹೇಳುತ್ತದೆ, ಸರ್. ಬೋರ್ಡಿನ ಮೇಲಿದೆ."

"ಏಮಯ್ಯಾ, ಇಷ್ಟು ವರ್ಷ ಎಲ್ಲಿದ್ದೆ ನೀನು?" ಎಂದರು. ಕೈ ಒರೆಸಿಕೊಂಡು ದಪ್ಪ ನಿಬ್ಬಿನ ಪೆನ್ನಿನಿಂದ, ಅರವತ್ತು ದಿನ ಮಂಜೂರು, ನಾಳೆಯಿಂದ, ಎಂದು ಬರೆದು ಸಹಿ ಹಾಕಿದರು. ಆ ಸಹಿಯ ಕೆಳಗೆ ಎಳೆದ ಗೀಟು ಕಾಗದದ ಅಂಚು ದಾಟಿ ಮೇಜಿನ ಮೇಲೆ ಹೋಯಿತು.

ಮರುದಿನ ಅಳಿಯಂದಿರು ನೋಟಿಸಿನ ಮುಂದೆ ನಿಂತು ನನ್ನನ್ನು ಕರೆಸಿದರು.

"ಯೇ ಕ್ಯಾ ಹೈ?"

"ನೋಟಿಸು, ಸಾಬ್."

"ತಾರೀಖು!"

"ಏಪ್ರಿಲ್ ನಾಲ್ಕು, ಸಾಬ್."

"ಹರಿದು ಹಾಕಿ ಇನ್ನೊಂದು ಅಂಟಿಸಿ."

"ಅಂಟಿಸಬಹುದು ಸಾಬ್. ಆದರೆ ಲೇಬರ್ ಆಫೀಸಿನಲ್ಲಿ ಒಂದಿದೆ. ಅವರೂ ಮೊಹರು ಹಾಕಿಬಿಟ್ಟಿದ್ದಾರೆ." ಬಹಳ ವಿನಯದಿಂದ ಹೇಳಿದೆ.

ಡ್ರಾಫ್ಟ್ಸ್‌ಮನ್ ಆ ಹೊತ್ತಿಗೆ ಆಸ್ಪತ್ರೆಯ ಮಂಚದ ಮೇಲೆ ಇದ್ದ.

ಇಲ್ಲಿಗೆ ಕಥೆ ಮುಗಿದಿದ್ದರೆ ನಮ್ಮ ಸ್ಟಾಫಿನ ಮೇಲೆ ನನಗೆ ಒಂದಿಷ್ಟು ಭ್ರಮೆ ಉಳಿದಿರುತ್ತಿತ್ತು. ಆದರೆ ಅವರೆಲ್ಲರೂ ನೋಟಿಸು ಓದಿದರು. ಏಪ್ರಿಲ್ ಒಂದಕ್ಕೆ ಶಿಲ್ಕು ಸೊನ್ನೆಯಾಗುತ್ತದೆಂದು ನಾನು ಮಾರ್ಚಿನಲ್ಲೇ ಕ್ಯಾಂಟೀನಿನಲ್ಲಿ ಬಾಯಿ ಬಿಟ್ಟು ಹೇಳಿದಾಗ ಅಲ್ಲಿದ್ದವರು ಒಬ್ಬರೂ ತಲೆ ಎತ್ತಿರಲಿಲ್ಲ. ಡ್ರಾಫ್ಟ್ಸ್‌ಮನ್ ಕಣ್ಣಿನ ವಿಷಯ ಕೇಳಿ "ಅಯ್ಯೋ ಪಾಪ" ಎಂದು ಚಹಾ ತರಿಸಿಕೊಂಡಿದ್ದರು. ಈಗ ಹಳೆಯ ರಜೆಗೆ ಇಪ್ಪತ್ತೊಂದೇ ದಿನ ಆಯುಷ್ಯ ಎಂದು ಕಾಗದದ ಮೇಲೆ ಕಂಡಿತು. ಬೇಸಿಗೆ ಬೇರೆ. ಮಾವಿನಕಾಯಿ ಬಂದಿತ್ತು, ಮನೆಮನೆಯಲ್ಲೂ ಆವಕಾಯಿ ಉಪ್ಪಿನಕಾಯಿ ಹಾಕುವ ಕಾಲ. ಬಾಲಾನಗರದ ಇತಿಹಾಸದಲ್ಲೇ ಕಂಡರಿಯದ ಸಾಂಕ್ರಾಮಿಕ ಹಬ್ಬಿತು.

ಕೋಠಿಯಲ್ಲಿ ಔಷಧದ ಅಂಗಡಿಯ ಮೇಲೆ ಒಬ್ಬ ಡಾಕ್ಟರು ಕೂರುತ್ತಿದ್ದರು. ಅವರ ಸರ್ಟಿಫಿಕೇಟು ಮೊದಲೇ ಅಚ್ಚಾಗಿರುತ್ತಿತ್ತು, ರೋಗದ ಜಾಗ ಮಾತ್ರ ಖಾಲಿ. ಮೊದಲ ವಾರ ನನ್ನ ಮೇಜಿಗೆ ಅಂಥವು ಹದಿನೇಳು ಬಂದವು, ಒಂದರ ಹಿಂದೆ ಒಂದು ನಂಬರು, ಒಂದೇ ಪೆನ್ನು. ಮೊದಲ ಐವರಿಗೆ ಕಾಮಾಲೆ. ಆಮೇಲೆ ಡಾಕ್ಟರಿಗೂ ಬೇಸರವಾಗಿರಬೇಕು, ಸೊಂಟ ಹಿಡಿಯುವ ಸಯಾಟಿಕಾ ಶುರುವಾಯಿತು. ಎದ್ದು ನಿಲ್ಲಲಾರದ ನಮ್ಮ ಕ್ಯಾಷಿಯರು ಲಿಂಗಂಪಲ್ಲಿ ಸ್ಟೇಷನ್ನಿನ ಹೊರಗೆ, ಹೆಗಲ ಮೇಲೆ ಮಾವಿನಕಾಯಿ ಚೀಲ ಹೊತ್ತು ಆಟೋದವನ ಜೊತೆ ಜಗಳಾಡುತ್ತಿದ್ದುದನ್ನು ಕಂಡೆ. ಅವರು ನನ್ನನ್ನು ನೋಡಿ ಚೀಲ ಇಳಿಸಿ ಸೊಂಟ ಹಿಡಿದುಕೊಂಡರು. ಆ ಮರ್ಯಾದೆಗಾದರೂ ನಾನು ಮುಖ ತಿರುಗಿಸಬೇಕಾಯಿತು.

ಎರಡನೇ ವಾರದ ಕೊನೆಗೆ ನೂರಾ ಹನ್ನೆರಡರಲ್ಲಿ ಐವತ್ತು ಕುರ್ಚಿ ಖಾಲಿ. ಡಿಸ್ಪ್ಯಾಚ್ ನಿಂತಿತು. ಹತ್ತೊಂಬತ್ತನೇ ದಿನ ಅಳಿಯಂದಿರು ತುರ್ತು ಸಭೆ ಕರೆದರು. ಸಲಹೆಗಾರರು ಮೈ ಸರಿಯಿಲ್ಲವೆಂದು ಹೇಳಿ ಕಳಿಸಿದ್ದರು. ಸಮೋಸವೂ ಇರಲಿಲ್ಲ. ಐದು ನಿಮಿಷದಲ್ಲಿ ತೀರ್ಮಾನ: ಹಳೆಯ ಶಿಲ್ಕು ಇದ್ದಂತೆಯೇ ಮುಂದುವರಿಯುತ್ತದೆ, ಪೂರ್ತಿ ಹಾಜರಿಯ ಷರತ್ತು ರದ್ದು, ಆರು ತಿಂಗಳ ತಡೆ ರದ್ದು. ಒಟ್ಟಿನಲ್ಲಿ ದೊಡ್ಡ ಮಾಲೀಕರ ಒಂದು ಹಾಳೆಯ ನಿಯಮ ಹನ್ನೊಂದು ಹಾಳೆಯಲ್ಲಿ ಮರಳಿ ಬಂತು. ಆ ಸಂಜೆಯೇ ಹಲವರಿಗೆ ಸಯಾಟಿಕಾ ವಾಸಿಯಾಯಿತು.

ನೂರಾ ಹನ್ನೆರಡು ಬಿಳಿ ಕಾರ್ಡಿನ ಸೊನ್ನೆ ಹೊಡೆದು ಹಳೆಯ ಅಂಕಿ ಬರೆದೆ. ಅದು ಟೈಮ್ ಆಫೀಸಿನಲ್ಲಿ ನನ್ನ ಕೊನೆಯ ಕೆಲಸ. ಮೊಹರನ್ನು ಬೇರೆಯವರಿಗೆ ಒಪ್ಪಿಸಿ ನಾನು ಕ್ಯಾಂಟೀನಿನ ಮೇಲ್ವಿಚಾರಣೆಗೆ ಹೋಗಬೇಕೆಂದು ಆಜ್ಞೆಯಾಯಿತು. ಇಡ್ಲಿಗೆ ಹಿಂದಿನ ತಾರೀಖು ಹಾಕಲು ಬರುವುದಿಲ್ಲವಾದ್ದರಿಂದ ಅಲ್ಲಿ ನನಗೆ ನೆಮ್ಮದಿಯಿತ್ತು.

ಜೂನ್ ಮೊದಲ ವಾರ ಡ್ರಾಫ್ಟ್ಸ್‌ಮನ್ ಕೆಲಸಕ್ಕೆ ಬಂದ. ಹೊಸ ದಪ್ಪ ಕನ್ನಡಕ, ಕೈಯಲ್ಲಿ ಟೀ-ಸ್ಕ್ವೇರು. ಸ್ಟೋರ್ಸಿನಿಂದ ಈಗಷ್ಟೇ ಬಿಡಿಸಿಕೊಂಡು ಬಂದದ್ದು. ಕ್ಯಾಂಟೀನಿನ ಬಾಗಿಲಲ್ಲಿ ನನ್ನನ್ನು ಕಂಡು ನಿಂತ.

"ಹೆಂಗೈತಿಪಾ ಕಣ್ಣು?"

"ಡಾಕ್ಟ್ರು ಚಲೋ ಐತಿ ಅಂತಾರ್ರಿ. ಬೋರ್ಡ್ ಮುಂದ ನಿಂತ್ ಮ್ಯಾಲೆ ಗೊತ್ತಾಗಬೇಕು."

ಎದುರು ಗೋಡೆಯ ಮೇಲೆ ನನ್ನ ನೋಟಿಸು ಇನ್ನೂ ಇತ್ತು. ಅಂಟಿಸುವುದು ಯಾರ ಕೆಲಸ ಎಂದು ಗೊತ್ತಿತ್ತು, ತೆಗೆಯುವುದು ಯಾರದೆಂದು ನಿಯಮದಲ್ಲಿ ಇರಲಿಲ್ಲ. ಅವನು ಅದರ ಕಡೆ ತಿರುಗಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ನಾಲ್ಕು ಹೆಜ್ಜೆ ದೂರದಿಂದ ನೋಡಿದ. ನೋಡುತ್ತಲೇ ಇದ್ದ.

"ಸಾಹೇಬ್ರ," ಎಂದ ಮೆಲ್ಲಗೆ. "ಇದು ಸೊಟ್ಟ ಕಾಣಾಕತ್ತೈತಿ."

ಆಪರೇಷನ್ ಕೈಕೊಟ್ಟಿತೇ ಎಂದುಕೊಂಡೆ. ಅವನ ಮುಖವೂ ಕಪ್ಪಿಟ್ಟಿತು. ಎರಡು ತಿಂಗಳಿಂದ ದಿನಾ ಆ ನೋಟಿಸಿನ ಮುಂದೆ ಚಹಾ ಕುಡಿದವರು ಎಷ್ಟೋ ಜನ, ಯಾರೂ ಹಾಗೆಂದು ಹೇಳಿರಲಿಲ್ಲ. ದಿನಾ ಎದುರಿಗೇ ನಿಂತಿರುವ ನನಗೂ ಅದು ನೆಟ್ಟಗೇ ಕಾಣುತ್ತಿತ್ತು.

"ಕೊಡಿಲ್ಲಿ," ಎಂದು ಅವನ ಕೈಯಿಂದ ಟೀ-ಸ್ಕ್ವೇರು ತೆಗೆದುಕೊಂಡೆ. ಬೋರ್ಡಿನ ಚೌಕಟ್ಟಿಗೆ ಅದರ ತಲೆ ಹತ್ತಿಸಿ, ಪಟ್ಟಿಯನ್ನು ನೋಟಿಸಿನ ಮೇಲಂಚಿಗೆ ಜಾರಿಸಿದೆ. ಎಡಮೂಲೆ ಪಟ್ಟಿಗೆ ಕೂತಿತು. ಬಲಮೂಲೆ ಕೂರಲಿಲ್ಲ. ಅವನು ಜೇಬಿನಿಂದ ಸ್ಕೇಲು ತೆಗೆದು ನಡುವಿನ ಸಂದಿಗೆ ಹಿಡಿದ. ನನ್ನ ಕನ್ನಡಕ ಹಣೆಗೆ ಏರಿಸಿ ಓದಿದೆ.

"ಕಾಲು ಇಂಚು ಇಳಿದೈತಿ," ಎಂದೆ.

"ಖರೇನ್ರಿ?"

"ಖರೇನ. ನೀನ ನೋಡು."

ಅವನು ಮತ್ತೆ ಎಡಗಣ್ಣು ಮುಚ್ಚಿ, ಬಗ್ಗಿ, ಸ್ಕೇಲಿನ ಗೀಟುಗಳನ್ನು ಒಂದೊಂದಾಗಿ ಎಣಿಸಿದ. ನಂತರ ಗೋಡೆಗೆ ಒರಗಿ ನಿಂತು ನಕ್ಕ, ಹದಿನಾಲ್ಕು ವರ್ಷದಲ್ಲಿ ನಾನು ಕೇಳಿರದಷ್ಟು ಗಟ್ಟಿಯಾಗಿ.

"ಏನ್ ಅಂಟಿಸೀರಿ ಸಾಹೇಬ್ರ ನೀವು! ಕಿತ್ತು ನೆಟ್ಟಗ ಹಚ್ಚಲೇನ್ರಿ?"

"ಬ್ಯಾಡ," ಎಂದೆ. "ಹಂಗ ಇರ್ಲಿ ಬಿಡು."